ಎಲೆಕ್ಟ್ರಿಕ್ ಗಿಟಾರ್ ಗುಂಯ್‌ಗುಟ್ಟುತ್ತಿದೆಯಾ? ಪಿಕಪ್ ಬದಲಿಸುವ ಮುಂಚೆ ಇಷ್ಟು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಮಾದರಿಯ ಗಿಟಾರ್, ಮೂರೂ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಭಾಗ) ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯವು. ಆಂಪ್‌ನ (ಆಂಪ್ಲಿಫೈಯರ್‌ನ) ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಗುಂಡಿ, ಏರಿಸಿದ ಕೂಡಲೇ ಶಬ್ದ ಶುರು, ತಂತಿ ಮುಟ್ಟಿದರೆ ಸ್ವಲ್ಪ ಇಳಿಯುತ್ತದೆ. ಪಿಕಪ್ ಬದಲಿಸಬೇಕಾ, ಒಳಗೆ ತಾಮ್ರದ ಟೇಪ್ ಅಂಟಿಸಬೇಕಾ, ಇಲ್ಲಾ ಶಬ್ದ ಅಡಗಿಸುವ ನಾಯ್ಸ್ ಗೇಟ್ ಪೆಡಲ್ ಸಾಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಆಂಪ್‌ನಲ್ಲಿ ಬಹುಶಃ ಎರಡು ಬೇರೆ ಬೇರೆ ಶಬ್ದ ಸೇರಿಕೊಂಡಿವೆ. ಒಂದಕ್ಕೆ ಕೆಲಸ ಮಾಡುವ ಮದ್ದು ಇನ್ನೊಂದಕ್ಕೆ ತಟ್ಟುವುದೇ ಇಲ್ಲ. ದಿನವಿಡೀ ಕೂತು ತಾಮ್ರ ಅಂಟಿಸಿ, ಆಮೇಲೆ "ಏನೂ ಉಪಯೋಗ ಆಗಲಿಲ್ಲ" ಅನ್ನುವವರು ಜಾಸ್ತಿ ಇರುವುದು ಇದಕ್ಕೇ.

ಮೊದಲು ಗಿಟಾರ್‌ನ ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿ. ಶಬ್ದ ಹಾಗೇ ಇದ್ದರೆ ಪಿಕಪ್ ಪಾಪ, ಅದರ ತಪ್ಪೇನೂ ಇಲ್ಲ. ಕೇಬಲ್, ಜ್ಯಾಕ್ (ಗಿಟಾರ್‌ಗೆ ಕೇಬಲ್ ಸಿಕ್ಕಿಸುವ ತೂತು), ಆಂಪ್, ಮನೆಯ ಅರ್ಥಿಂಗ್, ಇವುಗಳಲ್ಲಿ ಒಂದು ಕೈಕೊಟ್ಟಿದೆ. ಬೇರೆ ಕೇಬಲ್ ಹಾಕಿ ನೋಡಿ. ಸೊನ್ನೆಗೆ ಇಳಿಸಿದಾಗ ಶಬ್ದ ನಿಂತರೆ ಮಾತ್ರ ಮುಂದಕ್ಕೆ ಹೋಗೋಣ.

ಈಗ ವಾಲ್ಯೂಮ್ ಏರಿಸಿ, ಕೂತಲ್ಲೇ ಗಿಟಾರ್ ಸಮೇತ ನಿಧಾನಕ್ಕೆ ಒಂದು ಸುತ್ತು ತಿರುಗಿ. ದಪ್ಪ ದನಿಯ ಗುಂಯ್ ಒಂದು ದಿಕ್ಕಿನಲ್ಲಿ ಏರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ ಅಲ್ವಾ? ಅದು ಕಾಂತಕ್ಷೇತ್ರದ ಕೆಲಸ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಂತಿ. ನಿಮ್ಮ ಗಿಟಾರ್ ತಂತಿಯ ಅಲುಗಾಟವನ್ನು ಹಿಡಿಯುವ ಹಾಗೇ ಅದು ಟ್ರಾನ್ಸ್‌ಫಾರ್ಮರ್‌ನಿಂದ ಹೊಮ್ಮುವ 50 ಹರ್ಟ್ಸ್ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಯೂಟ್ಯೂಬ್‌ನಲ್ಲಿ ಎಲ್ಲರೂ "60 ಸೈಕಲ್ ಹಮ್" ಅನ್ನುವುದು ಅಮೆರಿಕದ ಕರೆಂಟ್ ಲೆಕ್ಕ. ನಮ್ಮಲ್ಲಿ 50, ಅದರ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಅಂದರೆ 100, 150 ಹೀಗೆ. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಜಿ ಸ್ವರ ನುಡಿಸಿ. ಅದು 98 ಹರ್ಟ್ಸ್. ಹಿನ್ನೆಲೆಯ 100 ಹರ್ಟ್ಸ್ ಜೊತೆ ಅದು ತಾಕಿ, ದನಿ ಅಲೆಅಲೆಯಾಗಿ ಏರಿಳಿಯುವುದು ಕೇಳಿಸಿದರೆ ಅನುಮಾನವೇ ಬೇಡ, ಅದು ಮೇನ್ಸ್‌ನಿಂದ ಬಂದದ್ದೇ.

ಇನ್ನೊಂದು ಶಬ್ದ ಸಣ್ಣದು, ಚೂಪು, ಜರ್ರ್ ಅನ್ನುವಂಥದ್ದು. ತಂತಿ ಮುಟ್ಟಿದಾಗ ಇಳಿಯುವುದು ಇದೇ. ಹಾಗೆ ಇಳಿಯುವುದು ದೋಷವೇನಲ್ಲ, ಹೆದರಬೇಡಿ. ನಿಮ್ಮ ಮೈ ಒಂದು ಆಂಟೆನಾ ಥರ ಕೋಣೆಯ ವೈರಿಂಗ್‌ನ ಗಲಾಟೆಯನ್ನೆಲ್ಲ ಹೊತ್ತು ಗಿಟಾರ್ ಪಕ್ಕದಲ್ಲೇ ಕೂತಿರುತ್ತದೆ. ತಂತಿಗಳು ಬ್ರಿಡ್ಜ್ (ತಂತಿಗಳ ಕೆಳತುದಿ ಹಿಡಿದ ಲೋಹದ ಭಾಗ) ಮೂಲಕ ಗ್ರೌಂಡ್‌ಗೆ, ಅಂದರೆ ಸರ್ಕ್ಯೂಟ್‌ನ ಸೊನ್ನೆ ತುದಿಗೆ, ಸೇರಿವೆ. ಮುಟ್ಟಿದ ಕೂಡಲೇ ನೀವೂ ಗ್ರೌಂಡ್‌ಗೆ ಸೇರಿ ಆ ಗಲಾಟೆ ಇಳಿಯುತ್ತದೆ. ಮುಟ್ಟಿದಾಗ ಶಬ್ದ ಏರಿದರೆ ಮಾತ್ರ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿವೆಯಾ ನೋಡಬೇಕು.

ಈ ಜರ್ರ್ ಎಲ್ಲಿಂದ ಅಂತ ಹುಡುಕುವುದು ಪುಕ್ಕಟೆ ಕೆಲಸ, ಹಾಗಾಗಿ ಅದನ್ನೇ ಮೊದಲು ಮಾಡಿ. ಕೋಣೆಯ ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಹೋಗಿ. ನನ್ನ ಕೋಣೆಯಲ್ಲಿ ದೊಡ್ಡ ಅಪರಾಧಿ ಫ್ಯಾನ್‌ನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಫ್ಯಾನ್‌ಗೆ ಕೊಡುವ ಜಾತಿಯದು. ಫ್ಯಾನ್ ಪೂರ್ತಿ ಸ್ಪೀಡ್‌ನಲ್ಲಿದ್ದರೆ ತೊಂದರೆಯಿಲ್ಲ, ಎರಡಕ್ಕೋ ಮೂರಕ್ಕೋ ಇಳಿಸಿದರೆ ಶುರುವಾಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೂಡ ಇದೇ ಸಂತತಿ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಬಿದ್ದಾಗ ಶಬ್ದ ವಿಪರೀತವಾದರೆ, ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಆಗ ಅಕೌಸ್ಟಿಕ್ ಎತ್ತಿಕೊಳ್ಳುವುದೇ ವಾಸಿ.

ಲ್ಯಾಪ್‌ಟಾಪ್‌ಗೆ ಆಡಿಯೋ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿ ನುಡಿಸುತ್ತೀರಾದರೆ ಇನ್ನೊಂದು ಪರೀಕ್ಷೆ: ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನುಡಿಸಿ. ಅರ್ಥ್ ಪಿನ್ ಇಲ್ಲದ ಎರಡು ಪಿನ್ನಿನ ಚಾರ್ಜರ್‌ಗಳಿಂದ ಸಣ್ಣ ಸೋರಿಕೆ ಇದ್ದೇ ಇರುತ್ತದೆ. ಲೋಹದ ಲ್ಯಾಪ್‌ಟಾಪ್ ಸವರಿದಾಗ ಬೆರಳಿಗೆ ಝುಮ್ ಅನ್ನುವುದೂ ಅದೇ. ಚಾರ್ಜರ್ ಕಿತ್ತ ಕ್ಷಣ ಮೌನವಾದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು, ರೆಕಾರ್ಡ್ ಮಾಡುವಾಗ ಬ್ಯಾಟರಿ ಬಳಸಿ.

ಅರ್ಥಿಂಗ್ ಬಗ್ಗೆ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಮೂರು ತೂತಿನ ಎಕ್ಸ್‌ಟೆನ್ಷನ್ ಬೋರ್ಡ್ ಅಂದ ಮಾತ್ರಕ್ಕೆ ಅದರಲ್ಲಿ ಅರ್ಥ್ ಇದೆ ಅಂತಲ್ಲ. ಅಗ್ಗದ ಬೋರ್ಡ್ ಬಿಚ್ಚಿ ನೋಡಿ, ಎಷ್ಟೋ ಸಲ ಒಳಗೆ ಎರಡೇ ವೈರ್ ಇರುತ್ತವೆ, ಮೂರನೇ ತೂತು ಬರೀ ಅಲಂಕಾರಕ್ಕೆ. ಆಂಪ್ ಅನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಆಂಪ್ ಆನ್ ಇರುವಾಗ ಗಿಟಾರ್ ಬ್ರಿಡ್ಜ್‌ಗೆ ಟೆಸ್ಟರ್ ಇಟ್ಟಾಗ ಅದು ಬೆಳಗಿದರೆ ನುಡಿಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. "ಅರ್ಥ್ ಪಿನ್ ಕತ್ತರಿಸಿಬಿಡಿ, ಹಮ್ ಹೋಗುತ್ತೆ" ಅನ್ನುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ಶಾಕ್ ಹೊಡೆದು ಸತ್ತರು. ಅಲ್ಲೂ ಅರ್ಥಿಂಗ್ ಸರಿಯಿರಲಿಲ್ಲ.

ಇಷ್ಟಾದ ಮೇಲೂ ಜರ್ರ್ ಉಳಿದರೆ ಗಿಟಾರ್ ಬಿಚ್ಚಿ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಟ್ರೆಮೊಲೋ ಸ್ಪ್ರಿಂಗ್‌ಗಳು, ಅವನ್ನು ಹಿಡಿದ ಕಬ್ಬಿಣದ ಪಟ್ಟಿ, ಅದಕ್ಕೆ ಬೆಸೆದ ಒಂದು ವೈರ್ ಕಾಣುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ಆ ಬೆಸುಗೆ ಮಂಕು ಬೂದು ಬಣ್ಣದ ಗುಂಡಿಯಂತೆ ಸುಮ್ನೆ ಮೇಲೆ ಕೂತಿರುತ್ತದೆ, ಉಗುರಲ್ಲಿ ತಳ್ಳಿದರೂ ಎದ್ದು ಬರುತ್ತದೆ. ಮಲ್ಟಿಮೀಟರ್‌ನ ಒಂದು ಮೊನೆ ಬ್ರಿಡ್ಜ್‌ಗೆ, ಇನ್ನೊಂದು ಜ್ಯಾಕ್‌ನ ಹೊರ ತೋಳಿಗೆ ಇಡಿ. ಬೀಪ್ ಬರಬೇಕು. ಬರದಿದ್ದರೆ ಪಟ್ಟಿಯನ್ನು ಮರಳು ಕಾಗದದಿಂದ ಹೊಳೆಯುವಷ್ಟು ಉಜ್ಜಿ, ಫ್ಲಕ್ಸ್ ಸವರಿ, ಮತ್ತೆ ಬೆಸೆಯಿರಿ. 25 ವ್ಯಾಟ್‌ನ ಐರನ್ ಇಲ್ಲಿ ಸಾಲುವುದು ಕಷ್ಟ. ದಪ್ಪ ಪಟ್ಟಿ ಶಾಖವನ್ನೆಲ್ಲ ನುಂಗಿಬಿಡುತ್ತದೆ. 60 ವ್ಯಾಟ್ ಆದರೆ ಸಲೀಸು.

ಆಮೇಲೆ ತಾಮ್ರದ ಟೇಪ್. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡ್‌ನಲ್ಲಿ ಕೇಳಿ ನೋಡಿ, ಇಲ್ಲವಾದರೆ ಆನ್‌ಲೈನ್ ಇದ್ದೇ ಇದೆ. ಅಂಟೂ ಕರೆಂಟ್ ಹರಿಸುವಂಥದ್ದು ಬೇಕು. ಅದು ಸಿಗದಿದ್ದರೆ ಪಟ್ಟಿಗಳು ಒಂದರ ಮೇಲೊಂದು ಕೂರುವ ಕಡೆಯೆಲ್ಲ ಒಂದೊಂದು ಚುಕ್ಕೆ ಬೆಸುಗೆ ಹಾಕಿ. ಪಿಕಪ್ ಕೂರುವ ಗುಂಡಿಯ ತಳ, ಗೋಡೆಗಳು, ಪಿಕ್‌ಗಾರ್ಡ್‌ನ (ಗಿಟಾರ್ ಮುಂಭಾಗದ ಪ್ಲಾಸ್ಟಿಕ್ ಹಲಗೆಯ) ಹಿಂಬದಿ ಎಲ್ಲವನ್ನೂ ಮುಚ್ಚಿ. ಟೇಪನ್ನು ಅಂಚಿನ ಮೇಲಕ್ಕೆ ಚೂರು ಮಡಚಿದರೆ ಪಿಕ್‌ಗಾರ್ಡ್ ಕೂರಿಸಿದಾಗ ಎರಡೂ ತಾಕುತ್ತವೆ. ಇದಿಷ್ಟೂ ಗ್ರೌಂಡ್‌ಗೆ ಸೇರಲೇಬೇಕು, ಸೇರದ ತಾಮ್ರ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಜ್ಯಾಕ್‌ನ ಹಾಟ್ (ಸಿಗ್ನಲ್ ಹೊರುವ) ತುದಿ ತಾಮ್ರಕ್ಕೆ ತಗುಲಿದರೆ ಗಿಟಾರ್ ಪೂರ್ತಿ ಮೂಕ. ಅಲ್ಲಿ ಒಂದು ತುಂಡು ಇನ್ಸುಲೇಷನ್ ಟೇಪ್ ಹಾಕಿ.

ಆದರೆ ತೆಳು ತಾಮ್ರ 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಜರ್ರ್ ಹೋಗುತ್ತದೆ, ಗುಂಯ್ ಅಲ್ಲೇ ಇರುತ್ತದೆ. ಅದಕ್ಕೆ ಮೊದಲ ಉಪಾಯ ಆಂಪ್‌ನಿಂದ ದೂರ ಕೂರುವುದು, ಕಡಿಮೆ ಇರುವ ದಿಕ್ಕಿಗೆ ತಿರುಗುವುದು. ಎರಡನೆಯದು ಪಿಕಪ್ ಆರಿಸುವ ಸೆಲೆಕ್ಟರ್ ಸ್ವಿಚ್‌ನ 2 ಮತ್ತು 4ನೇ ಸ್ಥಾನ, ಅಲ್ಲಿ ನಡುವಿನ ಪಿಕಪ್ ಪಕ್ಕದ್ದರ ಜೊತೆ ಕೂಡುತ್ತದೆ. ಈಗಿನ ಬಹಳಷ್ಟು ಸ್ಟ್ರಾಟ್‌ಗಳಲ್ಲಿ ನಡುವಿನ ಪಿಕಪ್‌ನ ಸುತ್ತೂ ಅಯಸ್ಕಾಂತವೂ ಉಲ್ಟಾ ಇರುತ್ತವೆ. ಪಕ್ಕದ ಪಿಕಪ್ ಜೊತೆ ಸೇರಿದಾಗ ಹೊರಗಿನ ಗುಂಯ್ ಒಂದಕ್ಕೊಂದು ವಜಾ ಆಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ಇದೇ ತತ್ವದ ಮೇಲೆ ಎರಡು ಕಾಯಿಲ್‌ನ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು.

ಪಿಕಪ್ ಬದಲಿಸುವ ಮಾತು ಇಲ್ಲಿ ಬರುತ್ತದೆ, ಇದಕ್ಕಿಂತ ಮೊದಲಲ್ಲ. ನೀವು ಮೆಟಲ್ ನುಡಿಸುವವರಾದರೆ ಬ್ರಿಡ್ಜ್‌ಗೆ ಸಿಂಗಲ್ ಕಾಯಿಲ್ ಅಳತೆಯದೇ ಹಂಬಕರ್ ಹಾಕಿಸಿ, ಮರ ಕೊರೆಯಬೇಕಿಲ್ಲ. ಸ್ಟ್ರಾಟ್‌ನ ಆ ಗಾಜಿನಂಥ ದನಿಯೇ ಬೇಕಾದರೆ ಒಂದರ ಕೆಳಗೊಂದು ಕಾಯಿಲ್ ಇಟ್ಟ ನಾಯ್ಸ್‌ಲೆಸ್ ಪಿಕಪ್‌ಗಳಿವೆ. ಹತ್ತಿರ ಹತ್ತಿರ ಬರುತ್ತವೆ, ಆದರೆ ನನ್ನ ಕಿವಿಗೆ ಮೇಲಿನ ಮಿಂಚು ಸ್ವಲ್ಪ ಕಡಿಮೆ. ಕ್ಲೀನ್ ಆಗಿ, ಬ್ಯಾಂಡ್ ಜೊತೆ ನುಡಿಸುವುದಾದರೆ ನಾನಂತೂ ಬದಲಿಸುವುದಿಲ್ಲ. ಡ್ರಮ್ಸ್ ಶುರುವಾದ ಮೇಲೆ ಆ ಗುಂಯ್ ಯಾರಿಗೂ ಕೇಳುವುದಿಲ್ಲ.

ನಾಯ್ಸ್ ಗೇಟ್ ನೀವು ನುಡಿಸದಿದ್ದಾಗ ಬಾಗಿಲು ಹಾಕುತ್ತದೆ ಅಷ್ಟೇ, ನುಡಿಸುವಾಗ ಗುಂಯ್ ಒಳಗೇ ಇರುತ್ತದೆ. ತೀರಾ ಬೇಕಾದರೆ ಡಿಸ್ಟಾರ್ಷನ್ ಆದ ಮೇಲೆ, ಡಿಲೇ ಮತ್ತು ರಿವರ್ಬ್‌ಗೆ ಮುಂಚೆ ಇಡಿ. ಥ್ರೆಶೋಲ್ಡ್ (ಗೇಟ್ ಬಾಗಿಲು ಹಾಕುವ ಮಟ್ಟ) ಶಬ್ದ ನಿಲ್ಲುವಷ್ಟಕ್ಕೇ ಇರಲಿ, ಜಾಸ್ತಿ ಮಾಡಿದರೆ ಎಳೆದ ಸ್ವರಗಳ ಬಾಲ ಕತ್ತರಿಸಿಹೋಗುತ್ತದೆ.