ಜರ್ಮನಿ ಅಂದರೆ ಸಾಕು

ಜರ್ಮನಿಗೆ ಒಣದ್ರಾಕ್ಷಿ ಸ್ಯಾಂಪಲ್ ಕಳಿಸುತ್ತಿದ್ದೀರಿ, ಇಂಗ್ಲಿಷ್ ಪತ್ರದಲ್ಲಿ 'ಫೆಡರಲ್ ರಿಪಬ್ಲಿಕ್ ಆಫ್ ಜರ್ಮನಿ' ಅಂತಲೇ ಬರೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಸುಮ್ನೆ 'ಜರ್ಮನಿ' ಅಂತ ಬರೆಯಿರಿ. ವಿಳಾಸಕ್ಕೂ ಅದೇ ಸಾಕು.

ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ. ಮೇಲೆ ಚಿನ್ನದ ಅಕ್ಷರದಲ್ಲಿ 'ರಿಪಬ್ಲಿಕ್ ಆಫ್ ಇಂಡಿಯಾ' ಅಂತಿದೆ. ಆದರೆ ಯಾರಾದರೂ ಯಾವ ದೇಶ ಅಂತ ಕೇಳಿದರೆ ಹಾಗೆ ಹೇಳ್ತೀವಾ? ನಮ್ಮ ವಿಜಯಪುರದಲ್ಲಿ ಆಟೋದವನಿಗೆ 'ಗುಮ್ಮಟ' ಅಂದರೆ ಸಾಕು, ಮೊಹಮ್ಮದ್ ಆದಿಲ್ ಶಾನ ಸಮಾಧಿ ಅಂದರೆ ಅವನು ಮುಖ ಮುಖ ನೋಡ್ತಾನೆ. ಉದ್ದ ಹೆಸರು ಒಪ್ಪಂದ, ರಾಯಭಾರ ಕಚೇರಿಯಂಥ ಕಡೆಗೆ. ದಿನದ ಪತ್ರದಲ್ಲಿ ಅದು ಮದುವೆ ಕೋಟು ಹಾಕಿಕೊಂಡು ಹೊಲಕ್ಕೆ ಹೋದ ಹಾಗೆ.

ಒಂದು ಕಡೆ ಹುಷಾರು: ಕಾಂಗೋ. ಆ ಹೆಸರಿನ ದೇಶ ಎರಡಿವೆ. ಕಿನ್ಶಾಸಾ, ಬ್ರಾಜ್ಜಾವಿಲ್ ಎರಡೂ ರಾಜಧಾನಿಗಳು, ನದಿಯ ಆಚೆ ಈಚೆ ಎದುರುಬದುರು. ಅಲ್ಲಿ ಪೂರ್ತಿ ಹೆಸರೇ ಬರೆಯಿರಿ, ಇಲ್ಲದಿದ್ದರೆ ಮಾಲು ತಪ್ಪು ದಡಕ್ಕೆ ಹೋದೀತು! ಕೊರಿಯಾಕ್ಕೆ ಮಾತ್ರ 'ಸೌತ್' ಸೇರಿಸಿದರೆ ಆಯಿತು.

ಇನ್ನು 'ಹಾಲೆಂಡ್' ಬೇಡ, ಅದು ಆ ದೇಶದ ಒಂದು ಭಾಗ ಅಷ್ಟೇ. 'ದಿ ನೆದರ್ಲ್ಯಾಂಡ್ಸ್' ಅನ್ನಿ, 'ದಿ' ಬಿಡಬೇಡಿ. ಹಾಗೇ ಟರ್ಕಿ 2022ರಿಂದ ವಿಶ್ವಸಂಸ್ಥೆಯಲ್ಲಿ 'ತುರ್ಕಿಯೆ'. ಆದರೂ ಮಾತಿನಲ್ಲಿ ಟರ್ಕಿಯೇ ಜಾಸ್ತಿ ಕೇಳುತ್ತದೆ. 2014ರಲ್ಲಿ ಬಿಜಾಪುರ ವಿಜಯಪುರ ಆಯಿತು, ನಮ್ಮಜ್ಜಿ ಇನ್ನೂ ಬಿಜಾಪುರ ಅಂತಾಳೆ, ಅಲ್ವಾ?

ಅಂದ ಹಾಗೆ, ಲೇಬಲ್ ಮೇಲೆ 'ಪ್ರಾಡಕ್ಟ್ ಆಫ್ ಇಂಡಿಯಾ' ಅಂತ ಹಾಕಿದ್ದೀರಾ?