ಸೈಕಲಿನ ಎಡಗಡೆ ಕ್ರ್ಯಾಂಕ್ (ಪೆಡಲ್ ಕೂಡಿಸಿರೋ ತೋಳು) ಪದೇ ಪದೇ ಲೂಸ್ ಆಗ್ತೈತಿ, ಹೊಸ ಬೋಲ್ಟ್ ಹಾಕ್ಲೋ ಥ್ರೆಡ್ ಲಾಕ್ (ಬೋಲ್ಟ್ ಸಡ್ಲಾಗದಂಗ ಹಚ್ಚೋ ಅಂಟು) ಹಚ್ಲೋ?

ಎರಡೂ ಬ್ಯಾಡ್ರಿ. ವಾರಕ್ಕೊಮ್ಮೆ ಟೈಟ್ ಮಾಡಿದ್ರೂ ಸಡ್ಲಾಗ್ತೈತಿ ಅಂದ್ರ ಬೋಲ್ಟಿನ ತಪ್ಪಲ್ಲ, ಆ ಕ್ರ್ಯಾಂಕ್ ಆರ್ಮೇ ಹೋಗಿರ್ತೈತಿ. ನಂದೂ ಸೇಮ್ ಹಿಂಗ ಆಗಿತ್ತು.

ನಮ್ಮದು ಗಂಗಾವತಿ. ಗೇರ್ ಸೈಕಲ್ ತಗೊಂಡ ಹೊಸದರಾಗ ರವಿವಾರ ಬಂತಂದ್ರ ಆನೆಗೊಂದಿ, ಸಾಣಾಪುರ ಕೆರಿ ಕಡೆ ಹೋಗ್ತಿದ್ದೆ. ಒಂದಿನ ಅಂಜನಾದ್ರಿ ದಾಟಿದ ಮ್ಯಾಲೆ ಎಡಗಾಲು ಒತ್ತಿದಾಗೆಲ್ಲ ಟಕ್ ಟಕ್ ಅನ್ನಾಕ ಹತ್ತಿತು, ಇಳಿದು ಕೈಲೆ ಅಲುಗಾಡಿಸಿ ನೋಡಿದ್ರ ಕ್ರ್ಯಾಂಕ್ ಸ್ವಲ್ಪ ಆಡ್ತಿತ್ತು. ಬ್ಯಾಗಿನಾಗ ಪಾನಾ ಇರಲಿಲ್ಲ. ಮನಿಗೆ ಹೋಗಿ ಬಿಗಿ ಮಾಡೋಣ ಅಂತ ಹಂಗ ತುಳಕೋಂತ ಬಂದುಬಿಟ್ಟೆ. ನನ್ನ ದುಡ್ಡು ಹೋಗಿದ್ದು ಅಲ್ಲೇ. ಬೋಲ್ಟ್ ಸಡ್ಲಾಗಿದ್ದರಿಂದ ಅಲ್ಲ, ಸಡ್ಲಾದ ಮ್ಯಾಲೂ ತುಳಿದಿದ್ದರಿಂದ.

ಯಾಕಂದ್ರ ಎರಡೂ ಕ್ರ್ಯಾಂಕ್ ಕುಂತಿರೋ ಆಕ್ಸಲಿನ ತುದಿ ಚೌಕ ಇರ್ತೈತಿ, ಹೊರಗ ಬಂದಂಗ ಸಣ್ಣಾಗ್ತೈತಿ, ಒಂದೊಂದು ಮುಖ ಬರೇ 2 ಡಿಗ್ರಿ ವಾಲಿರ್ತೈತಿ. ಕೊಡ್ಲಿ ಕಾವಿಗೆ ಬಿಗಿಯಾಗಿ ಕುಂತಂಗ ಕ್ರ್ಯಾಂಕ್ ಅದರ ಮ್ಯಾಲೆ ಕುಂತಿರ್ತೈತಿ. ನಾವು ತುಳಿಯೋ ಭಾರ ಹೊರೋದು ಆ ಚೌಕದ ಹಿಡಿತ, ಬೋಲ್ಟ್ ಅಲ್ಲ, ಬೋಲ್ಟಿನ ಕೆಲಸ ಕ್ರ್ಯಾಂಕನ್ನ ಒಳಗ ದಬ್ಬಿ ಹಿಡಿಯೋದು ಅಷ್ಟ. ಆಕ್ಸಲ್ ಸ್ಟೀಲು, ಕ್ರ್ಯಾಂಕ್ ಅಲ್ಯೂಮಿನಿಯಂ. ಹಿಡಿತ ಬಿಟ್ಟ ಮ್ಯಾಲೆ ತುಳಿದ್ರ ಸ್ಟೀಲಿನ ಮೂಲಿ ಮೆತ್ತನ ಅಲ್ಯೂಮಿನಿಯಂನ್ನ ತಿಂದು ಆ ಚೌಕ ತೂತು ಗುಂಡಗಾಗ್ತೈತಿ. ಒಮ್ಮೆ ಗುಂಡಗಾತಂದ್ರ ಮುಗೀತು. ನನಗ ಇದು ಗೊತ್ತಿರಲಿಲ್ಲ, ಶಾಪಿನವ್ರು ಬೋಲ್ಟ್ ಬದಲಿ ಮಾಡಿದ್ರು, ಆಮ್ಯಾಲೆ ಥ್ರೆಡ್ ಲಾಕ್ ಹಾಕಿದ್ರು, ಕಡೀಕ ತಗಡಿನ ತುಂಡು ತುರುಕಿ ಬಡದ್ರು, ಯಾವುದೂ ನಿಲ್ಲಲಿಲ್ಲ. ಥ್ರೆಡ್ ಲಾಕ್ ಹಿಡಿಯೋದು ಬೋಲ್ಟನ್ನ ರೀ, ಕ್ರ್ಯಾಂಕನ್ನಲ್ಲ! ಎಡಗಡೆ ಆರ್ಮ್ ಒಂದ ಹೊಸದು ಹಾಕಿದ ಮ್ಯಾಲೆ ಆ ಸಪ್ಪಳ ಮತ್ತ ಬಂದಿಲ್ಲ.

ಮೊದಲ ಚೆಕ್ ಮಾಡ್ರಿ. ಎಡಗಡೆ ಕ್ರ್ಯಾಂಕ್ ಹಿಡಿದು ಅಲುಗಾಡಿಸಿದಾಗ ಬಲಗಡೀದೂ ಜೊತಿಗೆ ಆಡಿದ್ರ ಅದು ಬಾಟಮ್ ಬ್ರಾಕೆಟ್ (ಆ ಆಕ್ಸಲ್ ತಿರುಗೋ ಗೂಡು) ಬೇರಿಂಗಿನ ಸಮಸ್ಯೆ. ಎಡಗಡೀದು ಒಂದ ಆಡಿದ್ರ ಆರ್ಮ್ ಹೋಗೇತಿ. ಬೋಲ್ಟ್ ಬಿಚ್ಚಿ ಒಳಗೂ ನೋಡ್ರಿ, ಆಕ್ಸಲ್ ತುದಿ ಬೋಲ್ಟ್ ಕೂಡೋ ಜಾಗಕ್ಕಿಂತ ಒಂದೆರಡು ಮಿಲಿಮೀಟರ್ ಒಳಗ ಇರಬೇಕು. ಸಮಾ ಬಂದಿದ್ರ ಬೋಲ್ಟ್ ಹೋಗಿ ಆಕ್ಸಲಿಗೇ ತಾಗಿ ನಿಲ್ತೈತಿ, ಕೈಗೆ ಟೈಟ್ ಅನಿಸ್ತೈತಿ, ಕ್ರ್ಯಾಂಕ್ ಮಾತ್ರ ಬಿಗಿ ಆಗಿರಂಗಿಲ್ಲ.

ಹೊಸ ಆರ್ಮ್ ತರುವಾಗ ಹಳೇದರ ಹಿಂದಿನ ಮೈಯಾಗ 170 ಅಂತೋ 175 ಅಂತೋ ಮಿಲಿಮೀಟರಿನಾಗ ಉದ್ದ ಬರೆದಿರ್ತೈತಿ, ಅದನ್ನ ಹೇಳ್ರಿ. ಸುತ್ತಿಗಿಲೆ ಬಡದು ತೆಗೀತೀನಿ ಅಂದ್ರ ಒಪ್ಪಬ್ಯಾಡ್ರಿ, ಬೇರಿಂಗ್ ಹಾಳಾಗ್ತಾವು, ಕ್ರ್ಯಾಂಕನ್ನ ಎಳದು ತೆಗಿಯೋ ಪುಲ್ಲರ್ ಬೇಕೇ ಬೇಕು. ಪುಲ್ಲರ್ ಹಾಕೋಕಿಂತ ಮೊದಲು ಬೋಲ್ಟಿನ ಜೊತಿ ವಾಷರೂ ಹೊರಗ ಬಂತಾ ನೋಡ್ರಿ, ಎಷ್ಟೋ ಮಂದಿ ಒಳಗ ಬಿಟ್ಟು ಎಳದು ಕ್ರ್ಯಾಂಕಿನ ಥ್ರೆಡ್ ಕಿತ್ತಿರ್ತಾರ. ಪುಲ್ಲರ್ ಕೈಲೇ ಪೂರ್ತಿ ತಿರುವಿ ಕೂಡಿಸಿ ಆಮ್ಯಾಲೆ ಪಾನಾ ಹಚ್ಚಬೇಕು. ಎಡಗಡೆ ಪೆಡಲ್ ಥ್ರೆಡ್ ಉಲ್ಟಾ ಇರ್ತೈತಿ, ಅದನ್ನ ಬಿಚ್ಚೋದು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ.

ಕೂಡಿಸೋ ಮುಂದ ಆಕ್ಸಲಿನ ಚೌಕ ಅರಿವಿಲೆ ಸ್ವಚ್ಛ ಒರಸ್ರಿ, ಗದ್ದಿ ರಾಡಿ, ಮರಳು ಏನೂ ಇರಬಾರ್ದು. ಗ್ರೀಸ್ ಬೋಲ್ಟಿನ ಥ್ರೆಡ್ಡಿಗೆ ಅಷ್ಟ. ಬಿಗಿ ಅಂದ್ರ ಸುಮಾರು 40 ನ್ಯೂಟನ್ ಮೀಟರ್, ಟಾರ್ಕ್ ಪಾನಾ ಇಲ್ಲಂದ್ರ 20 ಸೆಂಟಿಮೀಟರ್ ಹಿಡಿಕಿ ತುದಿಗೆ 20 ಕಿಲೋ ಭಾರ ಬಿದ್ದಂಗ ಒತ್ರಿ, ಸಣ್ಣ ಎಲ್ ಕೀಲೆ ಅದು ಆಗೋ ಮಾತಲ್ಲ. ಮೊದಲ ಸಲ ಒಂದು 50 ಕಿಲೋಮೀಟರ್ ಓಡಿಸಿದ ಮ್ಯಾಲೆ ಮತ್ತೊಮ್ಮೆ ಚೆಕ್ ಮಾಡ್ರಿ, ಹೊಸ ಅಲ್ಯೂಮಿನಿಯಂ ಸ್ವಲ್ಪ ಕುಂತಿರ್ತೈತಿ.

ಇದೆಲ್ಲಾ ಚೌಕ ಆಕ್ಸಲಿನ ಸೈಕಲಿಗೆ ಹೇಳಿದ್ದು. ನಿಮ್ಮದು ಕಾಟರ್ ಪಿನ್ನಿನ (ಕ್ರ್ಯಾಂಕನ್ನ ಆಕ್ಸಲಿಗೆ ಹಿಡಿಯೋ ಅಡ್ಡ ಪಿನ್) ಹಳೇ ಸೈಕಲ್ ಆಗಿದ್ರ ಪಿನ್ ಬದಲಿ ಮಾಡ್ರಿ, ಆ ಪಿನ್ನನ್ನ ಬಡದ ಕೂಡಿಸಬೇಕು, ನಟ್ಟಿಲೆ ಎಳದ್ರ ಥ್ರೆಡ್ ಹೋಗ್ತೈತಿ. ಯಾವುದು ಅಂತ ತಿಳೀಲಿಲ್ಲಂದ್ರ ಬೋಲ್ಟ್ ಬಿಚ್ಚಿ ಒಳಗಿನ ಫೋಟೋ ಹಾಕ್ರಿ, ನೋಡಿ ಹೇಳ್ತೀನಿ. ಅಲ್ಲೀ ತನಕ ಅದನ್ನ ತುಳೀಬ್ಯಾಡ್ರಿ, ಶಾಪಿಗೂ ನೂಕ್ಕೊಂಡ ಹೋಗ್ರಿ.