ಹುಳು ಮನೆಯಿಂದ ಇಂಗ್ಲಿಷ್ ತರಗತಿಗೆ

ಪ್ರಶ್ನೆ: ಶಿಡ್ಲಘಟ್ಟ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನ ಮಕ್ಕಳ ಮನೆಯಲ್ಲಿ ರೇಷ್ಮೆ ಸಾಕಣೆ. ಹುಳುವಿನ ವಿಷಯ ಎತ್ತಿದರೆ ಬಾಯಿತುಂಬ ಮಾತು, ಪುಸ್ತಕ ತೆರೆದರೆ ಮೌನ. ಊರಿನ ಬದುಕನ್ನು ಪಾಠಕ್ಕೆ ತರೋಣವೆಂದರೆ ಪೋರ್ಷನ್ ಮುಗಿಯುವುದಿಲ್ಲವೆಂಬ ಭಯ. ಏನು ಮಾಡಲಿ?
ಒಬ್ಬ ಶಿಕ್ಷಕಿ

ಉತ್ತರ: ಪೋರ್ಷನ್ ಬಿಡಬೇಕಾಗಿಲ್ಲ ಮೇಡಂ. ಕರ್ಮಣಿ ಪ್ರಯೋಗವನ್ನು (ಪ್ಯಾಸಿವ್ ವಾಯ್ಸ್) ಹೇಗೂ ಕಲಿಸಲೇಬೇಕಲ್ಲ, ಅದನ್ನು ಹುಳು ಮನೆಯಿಂದಲೇ ಶುರು ಮಾಡಿ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, ಎಳೆ ಸೊಪ್ಪು ಹೆಚ್ಚಿ ಹಾಕುವುದರಿಂದ ಹಿಡಿದು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ಕಳೆದು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ಎಲ್ಲವೂ ಅವರಿಗೆ ಗೊತ್ತು. ‘ದಿ ಲೀವ್ಸ್ ಆರ್ ಚಾಪ್ಡ್’ ಎಂದು ಬರೆಯುವಾಗ ಹೆಚ್ಚಿದ್ದು ಅಮ್ಮನೋ ಅಕ್ಕನೋ ಬೇಕಾಗುವುದಿಲ್ಲ, ಕೆಲಸವಷ್ಟೇ ಬೇಕು. ಆ ಪ್ರಯೋಗ ಏಕಿದೆಯೆಂದು ಸೂತ್ರವಿಲ್ಲದೆ ತಿಳಿಯುತ್ತದೆ.

ಪಂಚಾಯಿತಿಗೆ ಇಂಗ್ಲಿಷಿನಲ್ಲಿ ಅರ್ಜಿ, ಅಜ್ಜಿಯೊಡನೆ ಇಂಗ್ಲಿಷ್ ಸಂದರ್ಶನ, ಇಂಥವು ನನಗೆ ಹಿಡಿಸುವುದಿಲ್ಲ. ಪಿಡಿಒ ಓದುವುದು ಕನ್ನಡದಲ್ಲಿ. ನಿಮ್ಮ ಕಡೆ ಅಜ್ಜಿಯರು ಮಾತಾಡುವುದು ಕನ್ನಡ, ತೆಲುಗು, ಇಲ್ಲವೇ ಉರ್ದು. ಅದು ನಾಟಕವೆಂದು ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. ಊರಿನಲ್ಲಿ ಇಂಗ್ಲಿಷ್ ನಿಜವಾಗಿ ಎದುರಾಗುವ ಜಾಗ ಹುಡುಕಿ. ಗೂಡು ಮಾರಿದ ಹಣ ಖಾತೆಗೆ ಬಿದ್ದಾಗ ಅಪ್ಪನ ಮೊಬೈಲಿಗೆ ಬರುವ ಬ್ಯಾಂಕ್ ಸಂದೇಶದಲ್ಲಿ ‘ಹ್ಯಾಸ್ ಬೀನ್ ಕ್ರೆಡಿಟೆಡ್’ ಎಂದಿರುತ್ತದೆ. ಮತ್ತೆ ಅದೇ ಕರ್ಮಣಿ! ಅಂಥದ್ದೊಂದು ಸಂದೇಶವನ್ನು ನೀವೇ ಬೋರ್ಡಿನ ಮೇಲೆ ಬರೆಯಿರಿ (ಯಾರ ಮನೆಯ ಲೆಕ್ಕವೂ ತರಗತಿಗೆ ಬರಬಾರದು). ಮಕ್ಕಳು ಓದಿ, ಅರ್ಥವನ್ನು ಮನೆಯವರ ಭಾಷೆಯಲ್ಲಿ ಹೇಳಿ, ಅವರು ಕೇಳಿದ ಪ್ರಶ್ನೆಯನ್ನು ಮರುದಿನ ಇಂಗ್ಲಿಷಿನಲ್ಲಿ ತರಲಿ. ತೋಟಕ್ಕೆ ಹೊಡೆಯುವ ಔಷಧಿಯ ಚೀಟಿಗೂ ಇದೇ ಕ್ರಮ. ಅದರ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ವಿಷದ ತೀವ್ರತೆ ಇಳಿಯುವ ಕ್ರಮದಲ್ಲಿವೆ. ಬಾಟಲಿ ಮಾತ್ರ ಶಾಲೆಗೆ ತರಿಸಬೇಡಿ, ಫೋಟೊ ಸಾಕು.

ಇವನ್ನೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳಾಗಿ ದಾಖಲಿಸಿ. ಬೇರೆ ಪ್ರಾಜೆಕ್ಟ್ ಯಾಕೆ? ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆಯಲ್ಲೂ 100ರಲ್ಲಿ 20 ಆಂತರಿಕ ಅಂಕಗಳೇ.

ಇನ್ನು, ಎಲ್ಲರಿಗೂ ಹುಳುವನ್ನೇ ಹಚ್ಚಬೇಡಿ. ಬೆಳಗಿನ ಜಾವ ಸೊಪ್ಪು ಕೊಯ್ದು ಬಂದ ಹುಡುಗನಿಗೆ ಅದು ಸಾಕುಸಾಕಾಗಿರಬಹುದು. ಅವನಿಗೆ ಕಬಡ್ಡಿ ಕಾಮೆಂಟರಿ ಕೊಡಿ. ರೈಡ್, ಬೋನಸ್, ಟ್ಯಾಕಲ್ ಆಗಲೇ ಅವನ ಬಾಯಲ್ಲಿವೆ. ಗೆಳೆಯರು ಆಡುತ್ತಿರುವಾಗ ‘ಹಿ ಟರ್ನ್ಸ್, ಹಿ ಟಚಸ್’ ಎನ್ನುತ್ತ ಹೋಗಲಿ. ಪರೀಕ್ಷೆಯಲ್ಲಿ ಮಕ್ಕಳು ಸದಾ ನುಂಗುವ ಕ್ರಿಯಾಪದದ ಕೊನೆಯ ‘ಎಸ್’ ಅಲ್ಲೇ ರೂಢಿಯಾಗುತ್ತದೆ.